ನಾಚಾರಂನ ನೆಲದೊಳಗೆ ಧಾರವಾಡ!

ಚಾರ್ಮಿನಾರ್ ಎಲ್ಲಿಗೂ ಓಡಿಹೋಗುವುದಿಲ್ಲ, ಗೋಲ್ಕೊಂಡವೂ ಇದ್ದಲ್ಲೇ ಇರುತ್ತದೆ. ಹೈದರಾಬಾದಿಗೆ ಹೋಗುವ ಕನ್ನಡಿಗರು ಅವೆರಡನ್ನೂ ಆಮೇಲಕ್ಕೆ ಇಟ್ಟುಕೊಂಡು ಮೊದಲು ಊರಿನ ಪೂರ್ವಕ್ಕೆ ತಿರುಗಬೇಕು. ಅಲ್ಲಿ ನಾಚಾರಂ ಇದೆ. ಕಾರ್ಖಾನೆಗಳು, ಗೋದಾಮುಗಳು, ಇಎಸ್‌ಐ ಆಸ್ಪತ್ರೆ, ಒಂದು ಕೆರೆ, ಎನ್.ಟಿ. ರಾಮರಾಯರ ರಾಮಕೃಷ್ಣ ಸ್ಟುಡಿಯೋ. ಊರು ನೋಡಲು ಬಂದವರು ಇತ್ತ ಸುಳಿಯುವುದು ಕಡಿಮೆ. ಆದರೆ ಈ ದೂಳಿನ ರಸ್ತೆಗಳಲ್ಲಿ ಸುಮ್ಮನೆ ಅಡ್ಡಾಡಿ ನೋಡಿ, ನಮ್ಮ ನಾಡು ಮೂಲೆಮೂಲೆಯಿಂದ ಎದ್ದುಬಂದು ಕೈಹಿಡಿಯುತ್ತದೆ!

ಮೊದಲು ಅಂಗಡಿಗಳ ಬೋರ್ಡುಗಳು. ತೆಲುಗು ಕಲಿಯದ ನನ್ನಂಥವರೂ ಅವನ್ನು ಓದಬಹುದು! ತಲೆಕಟ್ಟು ಬೇರೆ, ಕೆಲವು ಅಕ್ಷರಗಳು ತುಸು ತಪ್ಪಿಸಿಕೊಳ್ಳುತ್ತವೆ, ಆದರೆ ಒಂದೇ ಹಳೆಯ ಲಿಪಿಯಿಂದ ಕವಲೊಡೆದ ಅಕ್ಷರಗಳಲ್ಲವೇ? ಹಾರ್ಡ್‌ವೇರ್ ಅಂಗಡಿಯಿಂದ ಮಿಠಾಯಿ ಅಂಗಡಿಯವರೆಗೆ ಒಂದೊಂದನ್ನೇ ಕೂಡಿಸಿ ಓದುತ್ತಾ ಹೋಗುವ ಸುಖವನ್ನು ಏನೆಂದು ಹೇಳಲಿ, ಒಂದನೇ ತರಗತಿಯ ಆ ಹೆಮ್ಮೆಯೇ ಮರಳಿ ಬಂದಂತಾಗುತ್ತದೆ.

ಹಾಗೆ ಓದುತ್ತಾ ಹೋಗುವಾಗಲೇ ಸಿಕ್ಕಿತು: ಎಚ್‌ಎಂಟಿ ನಗರ. ಎಚ್‌ಎಂಟಿ! 1953ರಲ್ಲಿ ಬೆಂಗಳೂರಿನ ಜಾಲಹಳ್ಳಿಯಲ್ಲಿ ಹುಟ್ಟಿ, 1961ರಲ್ಲಿ ಜಪಾನಿನ ಸಿಟಿಜನ್ ಕಂಪನಿಯ ನೆರವಿನಿಂದ ಕೈಗಡಿಯಾರ ಮಾಡಿ, ನಮ್ಮ ಅಪ್ಪಂದಿರ ಮಣಿಕಟ್ಟುಗಳನ್ನೆಲ್ಲ ಆಳಿದ ಅದೇ ಹೆಸರು ಇಲ್ಲಿ ಒಂದು ಬಡಾವಣೆಯಾಗಿ ನಿಂತಿದೆ. ಪಕ್ಕದ ಮೌಲಾ ಅಲಿಯಲ್ಲಿ ಎಚ್‌ಎಂಟಿಯ ಬೇರಿಂಗ್ ಕಾರ್ಖಾನೆಯೂ ಇತ್ತು.

ಅಲ್ಲೇ ಒಂದು ಚಹಾದಂಗಡಿ. ಇರಾನಿ ಚಾ, ಜೊತೆಗೆ ಉಸ್ಮಾನಿಯಾ ಬಿಸ್ಕತ್ತು. ಅರೆಸಿಹಿ, ಅರೆ ಉಪ್ಪು, ಅದ್ದಿ ತೆಗೆಯುವುದು ಒಂದು ಕ್ಷಣ ತಡವಾದರೂ ಕಪ್ಪಿನ ತಳ ಸೇರುವಷ್ಟು ನವಿರು. ಫೋನಿನಲ್ಲಿ ಮನೆಯವರೊಂದಿಗೆ ಮಾತಾಡುತ್ತಿದ್ದೆ. ಚಾ ಸೋಸುತ್ತಿದ್ದವರ ಕೈ ನಿಂತಿತು.

"ಕನ್ನಡದೋರೇನ್ರಿ? ಯಾ ಕಡಿಯವ್ರು?"

ಹೇಳಿದೆ. ಅವರ ಮುಖ ಅರಳಿತು. "ನಮ್ದು ಭಾಲ್ಕಿ ರೀ. ನಮ್ಮ ಮುತ್ಯಾನ ಕಾಲಕ್ಕ ಇದೇ ನಮ್ಗ ರಾಜಧಾನಿ ಇತ್ತು."

ಎಷ್ಟು ನಿಜ! ಬೀದರ, ಕಲಬುರಗಿ, ರಾಯಚೂರು ಜಿಲ್ಲೆಗಳು 1956ರ ನವೆಂಬರ್ 1ರವರೆಗೂ ಹೈದರಾಬಾದ್ ರಾಜ್ಯದಲ್ಲೇ ಇದ್ದವು. ನಾನು ಪರಸ್ಥಳಕ್ಕೆ ಬಂದಿದ್ದೇನೆ ಎಂದುಕೊಂಡಿದ್ದರೆ, ಅವರಿಗೆ ಇದು ಅಜ್ಜನ ಕಾಲದ ಪಟ್ಟಣ. ಎರಡನೇ ಚಾಕ್ಕೆ ದುಡ್ಡು ತೆಗೆದುಕೊಳ್ಳಲಿಲ್ಲ.

ಆದರೆ ನನ್ನನ್ನು ನಡುರಸ್ತೆಯಲ್ಲಿ ನಿಲ್ಲಿಸಿದ್ದು ಕಲ್ಲು. ಈ ಕಡೆ ಎಲ್ಲಿ ನೋಡಿದರೂ ಮನೆಗಳ ನಡುವೆ, ಕಾಂಪೌಂಡುಗಳ ಒಳಗೆ ಗುಂಡುಬಂಡೆಗಳು ಇಣುಕುತ್ತವೆ, ಥೇಟ್ ಹಂಪಿಯವೇ! ನಾಚಾರಂಗೆ ಅಂಟಿಕೊಂಡ ಹಬ್ಸಿಗುಡದಲ್ಲಿ 1961ರಲ್ಲಿ ಶುರುವಾದ ರಾಷ್ಟ್ರೀಯ ಭೂಭೌತ ಸಂಶೋಧನಾ ಸಂಸ್ಥೆ, ಎನ್‌ಜಿಆರ್‌ಐ ಇದೆ. ಅದರ ಹೆಸರಿನ ಮೆಟ್ರೊ ನಿಲ್ದಾಣವೇ ಇದೆ. ಭೂಮಿಯ ಹೊಟ್ಟೆಯೊಳಗನ್ನು ಓದುವ ಆ ವಿಜ್ಞಾನಿಗಳು ತಾವು ನಿಂತ ಈ ನೆಲವನ್ನು ಏನೆಂದು ಕರೆಯುತ್ತಾರೆ ಗೊತ್ತೇ? ಪೂರ್ವ ಧಾರವಾಡ ಕ್ರೇಟಾನ್! ಕ್ರೇಟಾನ್ ಎಂದರೆ ಭೂಖಂಡದ ಅತಿ ಹಳೆಯ, ಅಲುಗದ ಗಟ್ಟಿ ತಿರುಳು. 1880ರ ದಶಕದಲ್ಲಿ ರಾಬರ್ಟ್ ಬ್ರೂಸ್ ಫೂಟ್ ದಕ್ಷಿಣದ ಪ್ರಾಚೀನ ಶಿಲೆಗಳಿಗೆ ಕೊಟ್ಟ ಧಾರವಾಡದ ಹೆಸರು ಮುಂದೆ ಈ ವಿಶಾಲ ಶಿಲಾಪೀಠಕ್ಕೆಲ್ಲ ನಿಂತಿತು. ನಾಚಾರಂನ ನೆಲದಡಿ, ಹಂಪಿಯ ಬಂಡೆಗಳಲ್ಲಿ, ರಾಮನಗರದ ಬೆಟ್ಟಗಳಲ್ಲಿ ಇರುವುದು ಒಂದೇ ಕ್ರೇಟಾನಿನ ಗ್ರಾನೈಟು. ವಯಸ್ಸು ಸುಮಾರು 250 ಕೋಟಿ ವರ್ಷ. ರಾಜ್ಯಗಳ ಗಡಿಗೆ ಇನ್ನೂ ಮುಕ್ಕಾಲು ಶತಮಾನ ತುಂಬಿಲ್ಲ!

ಒಂದರ ಮೇಲೊಂದು ಕೂತ ಆ ಬಂಡೆಗಳನ್ನು ಯಾರೂ ಎತ್ತಿಟ್ಟದ್ದಲ್ಲ. ಮಣ್ಣಿನಡಿ ಇದ್ದಾಗಲೇ ಗ್ರಾನೈಟು ಅಡ್ಡಡ್ಡ, ಉದ್ದುದ್ದ ಸೀಳಿತು. ಸೀಳಿನೊಳಗೆ ಇಳಿದ ನೀರು ಮೂಲೆಗಳನ್ನು ತಿಂದು ಉರುಟು ಮಾಡಿತು. ಆಮೇಲೆ ಸುತ್ತಲಿನ ಸಡಿಲು ಮಣ್ಣು ಕೊಚ್ಚಿಹೋಗಿ, ಗುಂಡುಗಳು ಇದ್ದಲ್ಲೇ ಬಯಲಾದವು. ಇಂಥವನ್ನು ಸಿಡಿಸಿ ಅಪಾರ್ಟ್‌ಮೆಂಟು ಎಬ್ಬಿಸುವುದನ್ನು ಕಂಡರೆ ಹೊಟ್ಟೆ ಉರಿಯುತ್ತದೆ. ಉಳಿದಿರುವುದನ್ನಾದರೂ ಬಿಡಬೇಕು.

ಅದೇ ಕಲ್ಲಿನ ದೊಡ್ಡಣ್ಣ ಮೌಲಾ ಅಲಿ ಗುಡ್ಡ. ನಾಚಾರಂನಿಂದ ಆಟೊದಲ್ಲಿ ಸ್ವಲ್ಪ ದೂರ. ಕುತುಬ್‌ಶಾಹಿ ಕಾಲದಲ್ಲಿ ಯಾಕೂತ್ ಎಂಬ ಆಸ್ಥಾನಿಕನಿಗೆ ಕನಸಾಗಿ, ಇಲ್ಲಿಗೆ ಬಂದು ನೋಡಿದರೆ ಬಂಡೆಯ ಮೇಲೆ ಹಜರತ್ ಅಲಿಯವರ ಹಸ್ತದ ಗುರುತು ಕಂಡಿತೆಂದು ಐತಿಹ್ಯ. ನೆತ್ತಿಯ ಮೇಲೆ ದರ್ಗಾ, ಅಲ್ಲಿಗೆ ನೂರಾರು ಮೆಟ್ಟಿಲು. ಹತ್ತುವ ಮೊದಲು ಬುಡದಲ್ಲಿ ನಿಲ್ಲಲೇಬೇಕು, ಏಕೆಂದರೆ ಅಲ್ಲಿ ಮಾಹ್ ಲಕಾ ಬಾಯಿ ಮಲಗಿದ್ದಾಳೆ!

ಹುಟ್ಟುಹೆಸರು ಚಂದಾ. 1768ರಲ್ಲಿ ಹುಟ್ಟಿದ ಆಸ್ಥಾನ ನರ್ತಕಿ, ಗಾಯಕಿ, ಉರ್ದು ಕವಿ. ನಿಜಾಮನ ದಂಡಿನೊಂದಿಗೆ ಕುದುರೆ ಏರಿ ಹೋದವಳು. ಅಲಿಯವರ ಪರಮ ಭಕ್ತೆ, ಗಜಲ್‌ಗಳ ಕೊನೆಗೆ ಅವರ ಸ್ಮರಣೆ. 1792ರಲ್ಲಿ ತಾಯಿ ರಾಜ್ ಕನ್ವರ್‌ಗಾಗಿ ಕಟ್ಟಿಸಿದ ಸಮಾಧಿಯಲ್ಲೇ 1824ರಲ್ಲಿ ತಾನೂ ಮಣ್ಣಾದಳು. ಪಕ್ಕದ ಅಡಿಕ್‌ಮೆಟ್‌ನಲ್ಲಿದ್ದ ಅವಳ ಜಹಗೀರಿನ ನೆಲದ ಮೇಲೆ ಇಂದು ಉಸ್ಮಾನಿಯಾ ವಿಶ್ವವಿದ್ಯಾಲಯ ನಿಂತಿದೆ.

ಈಗ ಕೇಳಿ! 1799ರ ಅಕ್ಟೋಬರ್ 18ರಂದು ಮೀರ್ ಆಲಂ ಮನೆಯಲ್ಲಿ ನೃತ್ಯದ ನಡುವೆಯೇ ಅವಳು ತನ್ನ ಗಜಲ್‌ಗಳ ಹಸ್ತಪ್ರತಿಯನ್ನು ಕ್ಯಾಪ್ಟನ್ ಮಾಲ್ಕಂ ಎಂಬ ಬ್ರಿಟಿಷ್ ಅಧಿಕಾರಿಗೆ ಕಾಣಿಕೆಯಾಗಿ ಕೊಟ್ಟಳು. ಯಾರು ಈ ಮೀರ್ ಆಲಂ? ಅದೇ ವರ್ಷ ಟಿಪ್ಪುವಿನ ಮೇಲೆ ನಡೆದ ನಿಜಾಮನ ಸೇನೆಯ ಮುಖ್ಯಸ್ಥ. ಮಾಲ್ಕಂ? ಆ ಸೇನೆಯೊಂದಿಗೇ ಬಂದವನು. ಶ್ರೀರಂಗಪಟ್ಟಣ ಬಿದ್ದದ್ದು ಮೇ 4ರಂದು. ಕಾವೇರಿ ದಡದ ಆ ದಿನವನ್ನು ಕಂಡುಬಂದ ಇಬ್ಬರ ಮುಂದೆ, ಆರು ತಿಂಗಳೂ ಆಗಿರಲಿಲ್ಲ, ಚಂದಾ ಕುಣಿದಳು! ನಾವು ಶಾಲೆಯಲ್ಲಿ ಓದಿದ ಯುದ್ಧ ಶ್ರೀರಂಗಪಟ್ಟಣದ ನೀರ ಬಾಗಿಲಿಗೇ ಮುಗಿಯುತ್ತಿತ್ತು. ಅದರ ಮುಂದಿನ ಎಳೆ ಈ ಗುಡ್ಡದ ಬುಡದಲ್ಲಿ ಕಾದಿತ್ತೆಂದು ಯಾರು ಹೇಳಿದ್ದರು?

ಹೋಗಿ. ಸಿಕಂದರಾಬಾದಿನಲ್ಲಿ ರೈಲು ಇಳಿದು, ನಾಗೋಲ್ ಕಡೆಯ ಮೆಟ್ರೊ ಹತ್ತಿ, ಹಬ್ಸಿಗುಡದಲ್ಲಿ ಇಳಿಯಿರಿ. ಎಚ್‌ಎಂಟಿ ನಗರದವರೆಗೆ ಬೋರ್ಡು ಓದುತ್ತಾ ನಡೆಯಿರಿ, ಮುಂದಕ್ಕೆ ಆಟೊ ಹಿಡಿಯಿರಿ. ಬೇಸಿಗೆಯಾದರೆ ಬೆಳಿಗ್ಗೆ ಬೇಗ ಹೊರಡಿ. ಗ್ರಾನೈಟು ಒಮ್ಮೆ ಕಾದರೆ ಮೆಟ್ಟಿಲ ಮೇಲೆ ಬರಿಗಾಲು ಊರುವುದು ಕಷ್ಟ.