ಅರವತ್ತೈದು ಡಾಲರಿನ ಚೆಕ್ಕು

ವಿಮಾನ ದುಡಿಯುವುದು ಆಕಾಶದಲ್ಲಿದ್ದಾಗ ಮಾತ್ರ. ನೆಲಕ್ಕಿಳಿದ ಕ್ಷಣದಿಂದ ಅದು ಮಾಲೀಕನ ದುಡ್ಡು ತಿನ್ನತೊಡಗುತ್ತದೆ. ಸಾಲ ಮಾಡಿ ಕೊಂಡ ಯಂತ್ರ ಸುಮ್ಮನೆ ನಿಂತರೂ ಅದರ ಬಡ್ಡಿ ನಿಲ್ಲುವುದಿಲ್ಲ. ಹೀಗಾಗಿ ಇಳಿದ ವಿಮಾನವನ್ನು ಮತ್ತೆ ಹಾರಿಸಲು ಎಷ್ಟು ನಿಮಿಷ ಬೇಕು ಎಂಬುದರ ಮೇಲೆ ವಿಮಾನ ಸಂಸ್ಥೆಯ ಲಾಭ ನಷ್ಟ ಬಹುಮಟ್ಟಿಗೆ ನಿಂತಿದೆ.

ಈ ನಿಮಿಷಗಳು ಪೈಲಟ್ ಒಬ್ಬನ ಕೈಯಲ್ಲಿಲ್ಲ. ಲಗೇಜು ಇಳಿಸುವವರು, ಕಸ ತೆಗೆಯುವವರು, ಇಂಧನ ತುಂಬುವವರು, ಊಟದ ಪೆಟ್ಟಿಗೆ ಏರಿಸುವವರು, ಯಂತ್ರ ಪರೀಕ್ಷಿಸಿ ಸಹಿ ಹಾಕುವ ಎಂಜಿನಿಯರ್, ಬಾಗಿಲಲ್ಲಿ ಬೋರ್ಡಿಂಗ್ ಪಾಸ್ ನೋಡುವವರು, ಗಗನಸಖಿಯರು, ಹೀಗೆ ಹತ್ತಾರು ಬಗೆಯ ಜನರ ಕೈಯಲ್ಲಿವೆ. ಒಬ್ಬರು ಹತ್ತು ನಿಮಿಷ ತಡ ಮಾಡಿದರೆ ಉಳಿದವರ ಚುರುಕೆಲ್ಲ ಹೊಳೆಯಲ್ಲಿ ಹುಣಿಸೆಹಣ್ಣು ತೊಳೆದಂತೆ. ಎಲ್ಲರ ಬೆನ್ನ ಹಿಂದೆಯೂ ಒಬ್ಬೊಬ್ಬ ಮೇಲ್ವಿಚಾರಕನನ್ನು ನಿಲ್ಲಿಸುವುದು ಆಗದ ಮಾತು. ಆಡಳಿತ ವರ್ಗ ಮತ್ತು ನೌಕರರ ನಡುವಣ ಸಂಬಂಧ ಕೆಟ್ಟರೆ ಈ ಉದ್ಯಮದಲ್ಲಿ ಅದು ಮೊದಲು ಗಡಿಯಾರದಲ್ಲಿ ಕಾಣುತ್ತದೆ, ಆಮೇಲೆ ಜಮಾಖರ್ಚಿನಲ್ಲಿ.

ಕೆಡುವುದು, ಸುಧಾರಿಸುವುದು ಎರಡನ್ನೂ ಅನುಭವಿಸಿದ ಸಂಸ್ಥೆ ಅಮೆರಿಕದ ಕಾಂಟಿನೆಂಟಲ್ ಏರ್‌ಲೈನ್ಸ್. 1978ರಲ್ಲಿ ಅಲ್ಲಿನ ಸರ್ಕಾರ ವಿಮಾನ ದರ ಮತ್ತು ಮಾರ್ಗಗಳ ಮೇಲಿನ ಹತೋಟಿಯನ್ನು ಸಡಿಲಿಸಿತು. ಅಗ್ಗದ ದರದ ಹೊಸ ಸಂಸ್ಥೆಗಳು ಹುಟ್ಟಿಕೊಂಡವು. ಕಾಂಟಿನೆಂಟಲ್‌ನ ಒಡೆತನ ಹಿಡಿದಿದ್ದ ಫ್ರಾಂಕ್ ಲೊರೆಂಜೊ ಇದಕ್ಕೆ ಕಂಡುಕೊಂಡ ಉಪಾಯ ವೇತನ ಕಡಿತ. ಸಂಘಗಳು ಒಪ್ಪಲಿಲ್ಲ. 1983ರ ಸೆಪ್ಟೆಂಬರಿನಲ್ಲಿ ಆತ ಸಂಸ್ಥೆಯನ್ನು ದಿವಾಳಿ ನ್ಯಾಯಾಲಯಕ್ಕೆ ಒಯ್ದ; ಸುಮಾರು 12 ಸಾವಿರ ನೌಕರರನ್ನು ಕೆಲಸದಿಂದ ತೆಗೆದು, ಅವರಲ್ಲಿ ಸುಮಾರು 4 ಸಾವಿರ ಮಂದಿಯನ್ನಷ್ಟೇ ಹೆಚ್ಚುಕಡಿಮೆ ಅರ್ಧ ಸಂಬಳಕ್ಕೆ ಮತ್ತೆ ಕರೆದ. ಕಾಗದದ ಮೇಲೆ ಖರ್ಚು ಇಳಿಯಿತು. 1986ರಲ್ಲಿ ಈಸ್ಟರ್ನ್ ಏರ್‌ಲೈನ್ಸನ್ನೂ ಕೊಂಡು ಅದೇ ಮದ್ದು ಅರೆಯಲು ಹೊರಟ. 1989ರ ಮಾರ್ಚ್‌ನಲ್ಲಿ ಅಲ್ಲಿನ ಮೆಕ್ಯಾನಿಕ್‌ಗಳು ಮುಷ್ಕರ ಹೂಡಿದಾಗ ಪೈಲಟ್‌ಗಳೂ ಅವರ ಜೊತೆ ನಿಂತರು. 1991ರ ಜನವರಿಯಲ್ಲಿ ಈಸ್ಟರ್ನ್ ಶಾಶ್ವತವಾಗಿ ಮುಚ್ಚಿತು.

ಕಾಂಟಿನೆಂಟಲ್ ಸಾಯಲಿಲ್ಲ, ಬದುಕಲೂ ಇಲ್ಲ. 1990ರಲ್ಲಿ ಮತ್ತೆ ದಿವಾಳಿ. ಹತ್ತು ವರ್ಷಗಳಲ್ಲಿ ಹತ್ತು ಮಂದಿ ಅಧ್ಯಕ್ಷರು. ಸಮಯಪಾಲನೆಯಲ್ಲಿ ದೇಶದ ದೊಡ್ಡ ಸಂಸ್ಥೆಗಳ ಪೈಕಿ ಕಟ್ಟಕಡೆಯ ಸ್ಥಾನ. ಕೆಲಸ ಮುಗಿಸಿ ಹೊರಗೆ ಹೋಗುವಾಗ ಯಾರೂ ಗುರುತಿಸದಿರಲೆಂದು ನೌಕರರು ಅಂಗಿಯ ಮೇಲಿನ ಸಂಸ್ಥೆಯ ಲಾಂಛನವನ್ನು ಕಿತ್ತುಹಾಕುತ್ತಿದ್ದರಂತೆ. ಇಂಧನ ಉಳಿಸಿದ ಪೈಲಟ್‌ಗಳಿಗೆ ಬಹುಮಾನವಿತ್ತು. ಅವರು ವಿಮಾನವನ್ನು ನಿಧಾನವಾಗಿ ಹಾರಿಸಿದರು, ಹವಾನಿಯಂತ್ರಣವನ್ನು ತಗ್ಗಿಸಿದರು. ಬೆವರಿಳಿಸುತ್ತಾ ತಡವಾಗಿ ಬಂದಿಳಿದ ಪ್ರಯಾಣಿಕನ ಬೈಗುಳ ತಿನ್ನುವ ಸರದಿ ಮಾತ್ರ ನಿಲ್ದಾಣದ ಸಿಬ್ಬಂದಿಯದು!

1994ರಲ್ಲಿ ಸಂಸ್ಥೆಯ ಚುಕ್ಕಾಣಿ ಹಿಡಿದವನು ಗಾರ್ಡನ್ ಬೆಥೂನ್. ಹಿಂದೆ ನೌಕಾಪಡೆಯಲ್ಲಿ ವಿಮಾನ ಮೆಕ್ಯಾನಿಕ್ ಆಗಿದ್ದವನು. ಹ್ಯೂಸ್ಟನ್ ಕೇಂದ್ರ ಕಚೇರಿಯಲ್ಲಿ ಬೀಗ ಹಾಕಿರುತ್ತಿದ್ದ ಅಧಿಕಾರಿಗಳ ಮಹಡಿಯ ಬಾಗಿಲು ತೆರೆಸಿದ. ಬೋರ್ಡಿಂಗ್ ಪಾಸ್ ಮೇಲೆ ಯಾವ ಬಣ್ಣದ ಪೆನ್ಸಿಲಿನಲ್ಲಿ ಗುರುತು ಹಾಕಬೇಕೆಂಬುದನ್ನೂ ವಿಧಿಸಿದ್ದ ದಪ್ಪ ನಿಯಮಾವಳಿಯನ್ನು ನೌಕರರ ಎದುರೇ ಡ್ರಮ್ಮಿನಲ್ಲಿ ಸುಡಿಸಿದ. ನಷ್ಟದ ಮಾರ್ಗಗಳನ್ನು ಕೈಬಿಟ್ಟ. ಇವೆಲ್ಲಕ್ಕಿಂತ ಹೆಸರಾದದ್ದು ಒಂದು ಸಣ್ಣ ಲೆಕ್ಕ. ವಿಮಾನಗಳು ತಡವಾಗುವುದರಿಂದ ಸಂಸ್ಥೆಗೆ ತಿಂಗಳಿಗೆ ಸುಮಾರು 50 ಲಕ್ಷ ಡಾಲರ್ ಕೈಬಿಡುತ್ತಿತ್ತು. ಅದರಲ್ಲಿ ಅರ್ಧವನ್ನು ನೌಕರರಿಗೇ ಹಂಚಿದರೆ? ಸಮಯಪಾಲನೆಯ ಪಟ್ಟಿಯಲ್ಲಿ ಸಂಸ್ಥೆ ಮೊದಲ ಐದರೊಳಗೆ ಬಂದ ತಿಂಗಳು ಪ್ರತಿಯೊಬ್ಬರಿಗೂ 65 ಡಾಲರ್ ಎಂದು ಘೋಷಿಸಿದ. ಈ ಹಣ ಸಂಬಳದಲ್ಲಿ ಬೆರೆತು ಹೋಗದಂತೆ ಬೇರೆಯೇ ಚೆಕ್ಕು ಬರೆಸಿದ.

1995ರ ಫೆಬ್ರುವರಿಯಲ್ಲೇ ಕಾಂಟಿನೆಂಟಲ್ ಐದರೊಳಗೆ ಬಂತು. ಮಾರ್ಚ್‌ನಲ್ಲಿ ಮೊದಲ ಸ್ಥಾನ. 1994ರಲ್ಲಿ 61.3 ಕೋಟಿ ಡಾಲರ್ ನಷ್ಟದಲ್ಲಿದ್ದ ಸಂಸ್ಥೆ 1995ರಲ್ಲಿ 22.4 ಕೋಟಿ ಡಾಲರ್ ಲಾಭ ತೋರಿಸಿತು. ನೆಲದ ಮೇಲೆ ದುಡಿದವರು ಬಹುಪಾಲು ಮೊದಲಿದ್ದವರೇ.

ಅರ್ಥಶಾಸ್ತ್ರಜ್ಞರಿಗೆ ಇದು ಒಗಟಾಗಿ ಕಂಡಿತು. ಬಹುಮಾನ ಎಲ್ಲರಿಗೂ ಸಮವಾಗಿ ಬರುವಂತಿದ್ದರೆ ಸುಮಾರು 35 ಸಾವಿರ ಜನರಲ್ಲಿ ಒಬ್ಬ ಮೈಗಳ್ಳನಾದರೆ ಏನು ನಷ್ಟ? ಇನ್ನೊಬ್ಬ ದುಡಿಯುತ್ತಾನೆ ಬಿಡಿ ಎಂದು ಎಲ್ಲರೂ ಕುಳಿತುಬಿಡಬೇಕಿತ್ತಲ್ಲ? 2001ರಲ್ಲಿ ಮಾರ್ಕ್ ನೆಜ್ ಮತ್ತು ಡಂಕನ್ ಸಿಮೆಸ್ಟರ್ ಇದನ್ನು ಅಧ್ಯಯನ ಮಾಡಿ ಪ್ರಕಟಿಸಿದರು. ನೌಕರರು ಸಣ್ಣ ಸಣ್ಣ ತಂಡಗಳಲ್ಲಿ ದುಡಿಯುತ್ತಿದ್ದುದರಿಂದ ಒಬ್ಬರ ಮೇಲೊಬ್ಬರು ಕಣ್ಣಿಟ್ಟಿದ್ದರು ಎಂಬುದು ಅವರ ವಿವರಣೆ. ಇನ್ನೊಂದು ಸಂಗತಿಯೂ ಗೊತ್ತಾಯಿತು. ನೆಲದ ಕೆಲಸವನ್ನು ಹೊರಗುತ್ತಿಗೆಗೆ ಕೊಟ್ಟಿದ್ದ, ಅಂದರೆ ಚೆಕ್ಕು ಸಿಗದ ಜನ ದುಡಿಯುತ್ತಿದ್ದ ನಿಲ್ದಾಣಗಳಲ್ಲಿ ಸುಧಾರಣೆ ಕಡಿಮೆಯಿತ್ತು.

ಹಾಗೆಂದು ಎಲ್ಲವೂ ದುಡ್ಡಿನದೇ ಮಹಿಮೆ ಎನ್ನುವಂತಿಲ್ಲ. ಯುನೈಟೆಡ್ ಏರ್‌ಲೈನ್ಸ್ 1994ರಲ್ಲಿ ವೇತನ ಕಡಿತಕ್ಕೆ ಪ್ರತಿಯಾಗಿ ಶೇ 55ರಷ್ಟು ಪಾಲನ್ನೇ ನೌಕರರಿಗೆ ಕೊಟ್ಟಿತು. ಗಗನಸಖಿಯರ ಸಂಘ ಅದರಲ್ಲಿ ಸೇರಲಿಲ್ಲ. 2000ದ ಬೇಸಿಗೆಯಲ್ಲಿ ಒಡೆಯರೇ ಆಗಿದ್ದ ಪೈಲಟ್‌ಗಳು ಹೆಚ್ಚುವರಿ ಪಾಳಿಗೆ ಒಲ್ಲೆ ಎಂದರು. ಸಾವಿರಾರು ವಿಮಾನಗಳು ರದ್ದಾದವು. 2002ರ ಡಿಸೆಂಬರಿನಲ್ಲಿ ಯುನೈಟೆಡ್ ದಿವಾಳಿ ಕೋರಿತು. ಷೇರು ಪತ್ರ ಪೆಟ್ಟಿಗೆಯಲ್ಲಿ ಇರುತ್ತದೆ. ತಡಕ್ಕೆ ಕಾರಣ ಕೇಳುವ ಅಧಿಕಾರಿ ದಿನಾ ಎದುರಿಗೆ ಇರುತ್ತಾನೆ.

ಈ ಕಾರಣ ಕೇಳುವ ರೀತಿಯನ್ನೇ ಜೋಡಿ ಗಿಟೆಲ್ ಎಂಬ ಸಂಶೋಧಕಿ 1990ರ ದಶಕದಲ್ಲಿ ಗಮನಿಸಿದರು. ಆಗ ಅಮೆರಿಕನ್ ಏರ್‌ಲೈನ್ಸ್‌ನಲ್ಲಿ ವಿಮಾನ ತಡವಾದರೆ ತಪ್ಪನ್ನು ಯಾವುದಾದರೂ ಒಂದು ವಿಭಾಗದ ತಲೆಗೆ ಕಟ್ಟಬೇಕಿತ್ತು. ವಿಮಾನ ಹೊರಡಿಸುವುದಕ್ಕಿಂತ ತಪ್ಪು ತನ್ನದಲ್ಲ ಎಂದು ಸಾಧಿಸುವುದರಲ್ಲೇ ಸಿಬ್ಬಂದಿಯ ಬುದ್ಧಿ ಖರ್ಚಾಗುತ್ತಿತ್ತು. (ನಮ್ಮ ಎಷ್ಟೋ ಕಚೇರಿಗಳ ಕಡತಗಳೂ ಹೀಗೇ ಓಡಾಡುವುದಿಲ್ಲವೇ?) ಸೌತ್‌ವೆಸ್ಟ್ ಸಂಸ್ಥೆ ಮಾತ್ರ 'ತಂಡದ ವಿಳಂಬ' ಎಂದು ಬರೆದು, ಏನಾಯಿತೆಂದು ಕೂಡಿ ನೋಡುತ್ತಿತ್ತು. 1970ರ ದಶಕದಿಂದಲೇ ಅದು ಲಾಭದಲ್ಲಿ ನೌಕರರಿಗೆ ಪಾಲು ಕೊಡುತ್ತಿದೆ. ಅದರ ನೌಕರರಲ್ಲಿ ಬಹುಪಾಲು ಸಂಘದ ಸದಸ್ಯರು ಎಂಬುದನ್ನು, ಸಂಘ ಎಂದರೆ ಮುಖ ಸಿಂಡರಿಸುವವರು ನೆನಪಿಡಬೇಕು.

ನಮ್ಮಲ್ಲಿನ ಉದಾಹರಣೆಗೆ ಬೆಂಗಳೂರಿನ ವಿಜಯ್ ಮಲ್ಯ ಅವರ ಕಿಂಗ್‌ಫಿಷರ್ ಸಾಕು. ಅದರ ಸಾಲ, ದುಬಾರಿ ಇಂಧನ, ಏರ್ ಡೆಕ್ಕನ್ ಖರೀದಿಯ ಹೊರೆ ಎಲ್ಲರಿಗೂ ಗೊತ್ತಿರುವ ಕಥೆ. ಆದರೆ ಕೊನೆಯ ದಿನ ವಿಮಾನ ನಿಲ್ಲಿಸಿದ್ದು ಬ್ಯಾಂಕಿನವರಲ್ಲ. ತಿಂಗಳುಗಟ್ಟಲೆ ಸಂಬಳ ಕಾಣದ ಎಂಜಿನಿಯರುಗಳು ಕೆಲಸಕ್ಕೆ ಬರಲಿಲ್ಲ. ಅವರ ಸಹಿ ಇಲ್ಲದೆ ವಿಮಾನ ಏಳುವಂತಿಲ್ಲ. 2012ರ ಅಕ್ಟೋಬರ್ ಆರಂಭದಲ್ಲಿ ಹಾರಾಟ ನಿಂತಿತು; ಅದೇ ತಿಂಗಳು ಪರವಾನಗಿ ಅಮಾನತಾಯಿತು.

ಇತ್ತ ಸೌತ್‌ವೆಸ್ಟ್ ಕೂಡ ಬದಲಾಗಿದೆ. 2001ರ ಸೆಪ್ಟೆಂಬರ್ ದಾಳಿಯ ಬಳಿಕ ಉಳಿದ ದೊಡ್ಡ ಸಂಸ್ಥೆಗಳು ಸಾವಿರ ಸಾವಿರ ಜನರನ್ನು ಮನೆಗೆ ಕಳಿಸಿದಾಗಲೂ ಅದು ಯಾರನ್ನೂ ತೆಗೆದಿರಲಿಲ್ಲ. 1971ರಲ್ಲಿ ಹಾರಾಟ ಆರಂಭಿಸಿದ ಮೇಲೆ ಮೊದಲ ಬಾರಿಗೆ, 2025ರ ಫೆಬ್ರುವರಿಯಲ್ಲಿ, ಸುಮಾರು 1,750 ಕಚೇರಿ ಹುದ್ದೆಗಳನ್ನು ರದ್ದು ಮಾಡುವುದಾಗಿ ಘೋಷಿಸಿತು. ಲಾಭ ಹೆಚ್ಚಿಸಿ ಎಂದು ಷೇರುದಾರರ ಒತ್ತಡವಿತ್ತು. ಲಗೇಜು ಎತ್ತುವವರನ್ನು, ಪೈಲಟ್‌ಗಳನ್ನು ಆಗ ಮುಟ್ಟಲಿಲ್ಲ. ಆದರೆ ಸುದ್ದಿ ಅವರ ಕಿವಿಗೂ ಬಿದ್ದಿದೆ.