ಶೀತಕ ಅನಿಲ: ಕೊಳ್ಳುವವನಿಗೂ ಅರ್ಹತೆ ಬೇಡವೇ?

ಕಳೆದ ಬೇಸಿಗೆಯಲ್ಲಿ ನಮ್ಮ ಮನೆಯ ಹಳೆಯ ಹವಾನಿಯಂತ್ರಕ ಕೆಟ್ಟಾಗ ದುರಸ್ತಿಗೆ ಬಂದ ಯುವಕ, ಕೊಳವೆಯ ತಿರುಪು ಸಡಿಲಿಸಿ ಒಳಗಿದ್ದ ಅನಿಲವನ್ನು ಬುಸ್ಸೆಂದು ಹೊರಬಿಟ್ಟ. 'ಹಳೇ ಗ್ಯಾಸು ಸಾರ್, ಹೋಗಲಿ ಬಿಡಿ' ಎಂದು ಹೊಸದನ್ನು ತುಂಬಿ, ಹಣ ಪಡೆದು ಹೊರಟ. ಸೋರಿದ್ದು ಎಲ್ಲಿಂದ ಎಂದು ಅವನು ಹುಡುಕಲಿಲ್ಲ, ನಾನೂ ಕೇಳಲಿಲ್ಲ.

ಅದು ಆರ್-22. ಓಝೋನ್ ಪದರಕ್ಕೆ ಹಾನಿಕರವಷ್ಟೇ ಅಲ್ಲ, ನೂರು ವರ್ಷಗಳ ಲೆಕ್ಕದಲ್ಲಿ ಅದರ ಒಂದು ಕಿಲೋ ಸುಮಾರು 1,800 ಕಿಲೋ ಇಂಗಾಲದ ಡೈಆಕ್ಸೈಡಿನಷ್ಟು ಭೂಮಿಯನ್ನು ಬಿಸಿ ಮಾಡಬಲ್ಲದು. ಹೊಸ ಯಂತ್ರಗಳಲ್ಲಿರುವ ಆರ್-32 ಓಝೋನಿಗೆ ಕೆಡುಕು ಮಾಡದು. ಆದರೂ ಅದರ ತಾಪನ ಸಾಮರ್ಥ್ಯ 675 ಪಟ್ಟು.

ನಮ್ಮಲ್ಲಿ ಕಾನೂನಿಲ್ಲವೆಂದಲ್ಲ. 1987ರ ಮಾಂಟ್ರಿಯಲ್ ಒಪ್ಪಂದಕ್ಕೆ ಭಾರತ 1992ರಲ್ಲಿ ಸೇರಿತು. 2000ದಲ್ಲಿ ಓಝೋನ್ ನಾಶಕ ವಸ್ತುಗಳ ನಿಯಮಾವಳಿ ಜಾರಿಗೆ ಬಂತು. ತಯಾರಕರು, ಆಮದುದಾರರು, ಮಾರಾಟಗಾರರು ನೋಂದಾಯಿಸಿಕೊಂಡು ಲೆಕ್ಕ ಇಡಬೇಕು. ಉತ್ಪನ್ನ ತಯಾರಿಕೆಗಾಗಿ ಕೊಳ್ಳುವವರು ಉದ್ದೇಶವನ್ನು ಘೋಷಿಸಬೇಕು. ಆದರೆ ಮನೆಮನೆಗೆ ಹೋಗಿ ಅನಿಲ ತುಂಬುವ ಮೆಕ್ಯಾನಿಕ್ ತರಬೇತಿ ಪಡೆದವನೇ ಎಂಬ ಪ್ರಶ್ನೆ ಅಂಗಡಿಯ ಕಟ್ಟೆಯಲ್ಲಿ ಏಳುವುದಿಲ್ಲ.

ಅಮೆರಿಕ ಈ ಪ್ರಶ್ನೆಯನ್ನೇ ಮೊದಲು ಕೇಳಿತು. ಅಲ್ಲಿಯ ಶುದ್ಧ ವಾಯು ಕಾಯ್ದೆಯ 608ನೇ ಸೆಕ್ಷನ್ನಿನಡಿ, 1994ರಿಂದ ಓಝೋನ್ ನಾಶಕ ಶೀತಕಗಳನ್ನು ಪರೀಕ್ಷೆ ಪಾಸಾದ ತಂತ್ರಜ್ಞರಿಗೆ ಅಥವಾ ಅಂಥವರನ್ನು ನೇಮಿಸಿಕೊಂಡವರಿಗೆ ಮಾರಬಹುದು. 2018ರಲ್ಲಿ ಈ ನಿರ್ಬಂಧ ಎಚ್‌ಎಫ್‌ಸಿ ವರ್ಗದ ಅನಿಲಗಳಿಗೂ ವಿಸ್ತರಿಸಿತು. ಕಾರಿನ ಎ.ಸಿ.ಗೆ ಬಳಸುವ, ತಾನಾಗಿ ಮುಚ್ಚಿಕೊಳ್ಳುವ ಕವಾಟದ ಸಣ್ಣ ಡಬ್ಬಿಗಳಂಥ ಕೆಲವು ವಿನಾಯಿತಿಗಳುಂಟು. ಇಂಥ ಅನಿಲವನ್ನು ತಿಳಿದೂ ಗಾಳಿಗೆ ಬಿಡುವುದು ಅಪರಾಧ.

ಅರ್ಥಶಾಸ್ತ್ರದ ವಿದ್ಯಾರ್ಥಿಗೆ ಇದರ ತರ್ಕ ಹೊಸದಲ್ಲ. ಅನಿಲವನ್ನು ಯಂತ್ರದಿಂದ ಹಿಂಪಡೆಯಲು ಸಮಯ ಬೇಕು, ಉಪಕರಣ ಬೇಕು. ಗಾಳಿಗೆ ಬಿಡಲು ಯಾವ ಖರ್ಚೂ ಇಲ್ಲ. ನಷ್ಟ ಮಾತ್ರ ಈ ವ್ಯವಹಾರದಲ್ಲಿಲ್ಲದ ಮೂರನೆಯವರ ಪಾಲು. ಬೆಲೆ ಹೇಳದ ಈ ನಷ್ಟವನ್ನು ಕಾನೂನೇ ಹೇಳಬೇಕು.

ಆದರೆ ಪರವಾನಗಿ ಎಂದೊಡನೆ ನನ್ನ ಸೇವಾವಧಿಯ ಅನುಭವ ಎಚ್ಚರಿಸುತ್ತದೆ. ಸ್ವಂತ ದುಡಿಮೆಯ ಬಡ ಮೆಕ್ಯಾನಿಕ್ ಮೇಲೆ ಏಕಾಏಕಿ ನಿಯಮ ಹೇರಿದರೆ ಬೆಳೆಯುವುದು ಕೌಶಲವಲ್ಲ, ಲಂಚ. ಮೊದಲು ಉಚಿತ ತರಬೇತಿ, ಬಾಡಿಗೆಗೆ ಹಿಂಪಡೆಯುವ ಉಪಕರಣ. ಬಳಿಕವಷ್ಟೇ ದಿನಾಂಕ ಗೊತ್ತುಮಾಡಿ ಕಡ್ಡಾಯ ಪ್ರಮಾಣಪತ್ರ. 2019ರ ರಾಷ್ಟ್ರೀಯ ತಂಪು ಕ್ರಿಯಾ ಯೋಜನೆ 2022-23ರೊಳಗೆ ಒಂದು ಲಕ್ಷ ತಂತ್ರಜ್ಞರಿಗೆ ತರಬೇತಿ, ಪ್ರಮಾಣಪತ್ರದ ಗುರಿ ಇಟ್ಟುಕೊಂಡಿತ್ತು. ಪ್ರಮಾಣಪತ್ರಕ್ಕೆ ಮಾರುಕಟ್ಟೆಯಲ್ಲಿ ಬೆಲೆ ಬರಬೇಕಾದರೆ ಖರೀದಿಯ ಹಂತದಲ್ಲಿ ಅದನ್ನು ಕೇಳುವವರಿರಬೇಕು.

ಕಿಗಾಲಿ ತಿದ್ದುಪಡಿಯನ್ನು 2021ರಲ್ಲಿ ಅನುಮೋದಿಸಿದ ಭಾರತ, 2047ರ ವೇಳೆಗೆ ಎಚ್‌ಎಫ್‌ಸಿ ಬಳಕೆಯನ್ನು ಶೇ 85ರಷ್ಟು ತಗ್ಗಿಸಲು ಬದ್ಧವಾಗಿದೆ. ಅಲ್ಲಿಯವರೆಗೆ ನಾವು ಗ್ರಾಹಕರು ಕೇಳಬಹುದಾದ ಪ್ರಶ್ನೆಗಳು ಎರಡೇ: 'ಸೋರಿದ್ದು ಎಲ್ಲಿ? ಉಳಿದ ಅನಿಲ ಎಲ್ಲಿಗೆ?' ಮೊಹರಾದ ಯಂತ್ರದಲ್ಲಿ ಅನಿಲ ತಾನಾಗಿ ಖರ್ಚಾಗುವುದಿಲ್ಲ. ಪ್ರತಿ ಬೇಸಿಗೆಯಲ್ಲೂ ತುಂಬಿಸಬೇಕಾಗುತ್ತಿದೆ ಎಂದರೆ ನಾವು ಕೊಳ್ಳುತ್ತಿರುವುದು ತಂಪನ್ನಲ್ಲ, ಸೋರಿಕೆಯನ್ನು.