ಅಂಕಪಟ್ಟಿ ಆಯ್ತು, ಈಗ ಹೇಳು: ನೀನು ಯಾರು?

ದಾವಣಗೆರೆ: ಸಂಜೆ ಏಳರ ಹೊತ್ತು. ಮಂಡಿಪೇಟೆಯ ಒಂದು ಕಿರಾಣಿ ಅಂಗಡಿ. ಗಲ್ಲಾದಲ್ಲಿ ಅಪ್ಪ, ಪಕ್ಕದ ಸ್ಟೂಲಿನ ಮೇಲೆ ಸೆಕೆಂಡ್ ಪಿಯುಸಿ ಓದುತ್ತಿರುವ ಮಗಳು. ಮಗಳ ಕೈಯಲ್ಲಿ ಮೊಬೈಲು, ಮೊಬೈಲಿನಲ್ಲಿ ಅಮೆರಿಕದ ಕಾಲೇಜಿನ ಅರ್ಜಿ.

"ಅಪ್ಪಾಜಿ, ನನ್ನ ಬಗ್ಗೆ ಬರೀ ಅಂತ ಕೇಳ್ಯಾರೆ. ಏನ್ ಬರೀಲಿ?"

"ಮಾರ್ಕ್ಸ್ ಹಾಕವ್ವ. ಇನ್ನೇನ್ ಬೇಕಂತೆ ಅವ್ರಿಗೆ?"

"ಮಾರ್ಕ್ಸಿಗೆ ಬೇರೆ ಕಾಲಂ ಐತೆ. ಇದು ಬೇರೆ."

"ಹಂಗಾದ್ರೆ ಏಜೆಂಟ್‌ನ ಕೇಳು. ದುಡ್ಡು ತಗೊಂಡು ಅವನೇ ಬರ್ಕೊಡ್ತಾನೆ."

ಮಗಳು ಮೊಬೈಲು ಮಡಿಲಿಗಿಟ್ಟುಕೊಂಡು ಸುಮ್ಮನೆ ಕೂತಳು. ಇದು ಒಂದು ಮನೆಯ ಮಾತಲ್ಲ. ವಿದೇಶಕ್ಕೆ ಮಕ್ಕಳನ್ನು ಕಳಿಸುವ ಆಸೆ ಈಗ ಜಿಲ್ಲಾ ಪಟ್ಟಣಗಳಿಗೂ ಬಂದಿದೆ. ಆಸೆಯ ಹಿಂದೆಯೇ ಏಜೆಂಟರೂ ಬಂದಿದ್ದಾರೆ. ಹಾಗಾಗಿ ಆ ಪ್ರಶ್ನೆಗಳೇನು, ಬಾಡಿಗೆಗೆ ಉತ್ತರ ಬರೆಸಿದರೆ ಏನಾಗುತ್ತೆ ಎಂಬುದನ್ನು ದುಡ್ಡು ಕಟ್ಟುವವರು ತಿಳಿದಿರುವುದು ಒಳ್ಳೇದು.

ಎಂಟರಲ್ಲಿ ನಾಲ್ಕು

ಈ ಹುಡುಗಿ ಅರ್ಜಿ ಹಾಕುತ್ತಿರುವುದು ಕ್ಯಾಲಿಫೋರ್ನಿಯಾ ವಿಶ್ವವಿದ್ಯಾಲಯಕ್ಕೆ. 1868ರಲ್ಲಿ ಹುಟ್ಟಿದ ಸರ್ಕಾರಿ ಸಂಸ್ಥೆ. ಹತ್ತು ಕ್ಯಾಂಪಸ್‌ಗಳಿವೆ, ಬರ್ಕ್ಲಿ, ಲಾಸ್ ಏಂಜಲೀಸ್, ಸ್ಯಾನ್ ಡಿಯೇಗೊ ಸೇರಿ ಒಂಬತ್ತರಲ್ಲಿ ಪದವಿ ತರಗತಿಗಳು. ಒಂಬತ್ತಕ್ಕೂ ಒಂದೇ ಅರ್ಜಿ. ಫೀ ಮಾತ್ರ ಕ್ಯಾಂಪಸ್ಸಿಗೆ ಇಷ್ಟು ಅಂತ ಬೇರೆ ಬೇರೆ!

ಮೊದಲು ಇಲ್ಲಿ ಎರಡು ಉದ್ದನೆಯ ಪ್ರಬಂಧ ಬರೆಸುತ್ತಿದ್ದರು. 2016ರಿಂದ ಅದನ್ನು ತೆಗೆದು ಎಂಟು ಸಣ್ಣ ಪ್ರಶ್ನೆ ಇಟ್ಟರು. ಎಂಟರಲ್ಲಿ ನಾಲ್ಕನ್ನು ಆರಿಸಿಕೊಳ್ಳಬೇಕು. ಒಂದೊಂದಕ್ಕೆ ಇಂಗ್ಲಿಷಿನಲ್ಲಿ ಹೆಚ್ಚೆಂದರೆ 350 ಪದ. ಒಂದು ಇನ್‌ಲ್ಯಾಂಡ್ ಲೆಟರಿನಲ್ಲಿ ಹಿಡಿಸಬಹುದಾದಷ್ಟು. ಯಾವ ಪ್ರಶ್ನೆ ಆರಿಸಿಕೊಂಡರೂ ತೂಕ ಒಂದೇ.

ಪ್ರಶ್ನೆಗಳಾದರೂ ಎಂಥವು? ಮುಂದಾಳಾಗಿ ನಿಂತು ಏನು ಮಾಡಿದ್ದೀ, ಯಾವ ಜಗಳ ಬಗೆಹರಿಸಿದ್ದೀ? ನಿನ್ನ ದೊಡ್ಡ ಕಸುಬುಗಾರಿಕೆ ಯಾವುದು? ಓದಿಗೆ ಅಡ್ಡಿ ಬಂದಾಗ ಹೇಗೆ ದಾಟಿದೆ? ಬದುಕಿನಲ್ಲಿ ಎದುರಾದ ದೊಡ್ಡ ಕಷ್ಟ ಯಾವುದು? ಯಾವ ವಿಷಯ ಓದಿದರೆ ಹೊತ್ತು ಹೋದದ್ದೇ ಗೊತ್ತಾಗುವುದಿಲ್ಲ? ನಿನ್ನ ಶಾಲೆಗೆ, ಓಣಿಗೆ ಏನು ಮಾಡಿದ್ದೀ? ಹೀಗೇ ಸಾಗುತ್ತವೆ.

ಅಮೆರಿಕದ ಪ್ರವೇಶಕ್ಕೆ ಎಸ್‌ಎಟಿ ಎಂಬ ಪರೀಕ್ಷೆಯೇ ದೊಡ್ಡದು ಎಂದು ನಂಬಿದವರುಂಟು. ಈ ವಿಶ್ವವಿದ್ಯಾಲಯ ಆ ಅಂಕವನ್ನು ಬಿಡಲು 2020ರಲ್ಲೇ ತೀರ್ಮಾನಿಸಿತು. ಶಿಫಾರಸು ಪತ್ರವನ್ನೂ ಮಾಮೂಲಿಯಾಗಿ ಕೇಳುವುದಿಲ್ಲ. ಶಾಲೆಯ ಅಂಕ ಮೊದಲು ನೋಡುತ್ತಾರೆ, ಅದು ನಿಜ. ಅಂಕದಾಚೆಗೆ ಹುಡುಗಿಯ ಪರವಾಗಿ ಮಾತಾಡಲು ಅಲ್ಲಿ ಹುಡುಗಿಯೊಬ್ಬಳೇ.

ನಮ್ಮ ಅರ್ಜಿ ಕೇಳುವುದೇ ಬೇರೆ

ನಮ್ಮ ಮಕ್ಕಳು ಇಲ್ಲಿ ತಡವರಿಸುವುದಕ್ಕೆ ಕಾರಣವಿದೆ. ಕರ್ನಾಟಕದಲ್ಲಿ 1994ರಲ್ಲಿ ಸಿಇಟಿ ಬಂತು. ರ‍್ಯಾಂಕ್ ಇದ್ದವರಿಗೆ ಸೀಟು. ಅರ್ಜಿಯಲ್ಲಿ ತಂದೆಯ ಹೆಸರು, ವಾರ್ಷಿಕ ಆದಾಯ, ಜಾತಿ ಪ್ರಮಾಣಪತ್ರದ ಆರ್.ಡಿ. ನಂಬರ್, ಗ್ರಾಮೀಣ ಕೋಟಾ, ಕನ್ನಡ ಮಾಧ್ಯಮ ಕೋಟಾ. ಎಲ್ಲಕ್ಕೂ ಒಂದೊಂದು ಚೀಟಿ, ಚೀಟಿಗೊಂದು ಸೀಲು. ನೀನು ಎಂಥವಳಮ್ಮಾ ಎಂದು ಯಾರೂ ಕೇಳುವುದಿಲ್ಲ.

ಇದು ತಪ್ಪೆಂದು ಹೇಳುವಂತಿಲ್ಲ. ಕೇಳದಿರುವುದರಲ್ಲೇ ಒಂದು ನ್ಯಾಯವಿದೆ. ಬಡವರ ಮಗನ ರ‍್ಯಾಂಕನ್ನು ಯಾರ ಮಾತಿನ ಮೋಡಿಯೂ ಅಳಿಸಲಾರದು. ಆದರೆ ಹನ್ನೆರಡು ವರ್ಷ ‘ನಾನು’ ಎಂಬ ಮಾತನ್ನೇ ಉತ್ತರ ಪತ್ರಿಕೆಯಲ್ಲಿ ಬರೆಯದ ಮಕ್ಕಳಿಗೆ ಒಂದೇ ಸಲ ‘ನಿನ್ನ ಬಗ್ಗೆ ಹೇಳು’ ಅಂದರೆ ಪೆನ್ನು ನಿಲ್ಲುತ್ತದೆ. ಆ ನಿಂತ ಪೆನ್ನೇ ಏಜೆಂಟನ ಬಂಡವಾಳ!

ಇಂಥ ಪ್ರಶ್ನೆಗೆ ಕಹಿ ಚರಿತ್ರೆಯೂ ಉಂಟು. 1920ರ ದಶಕದಲ್ಲಿ ಹಾರ್ವರ್ಡ್, ಯೇಲ್, ಪ್ರಿನ್ಸ್‌ಟನ್ ಕಾಲೇಜುಗಳು ಅಂಕದ ಜೊತೆಗೆ ‘ನಡತೆ’ ನೋಡಲು ಶುರು ಮಾಡಿದವು. ಮನೆತನ ವಿಚಾರಿಸಿದವು. ಅಂಕ ಚೆನ್ನಾಗಿ ತೆಗೆಯುತ್ತಿದ್ದ ಯಹೂದಿ ಹುಡುಗರ ಸಂಖ್ಯೆ ತಗ್ಗಿಸುವುದು ಅದರ ಒಂದು ಉದ್ದೇಶವಾಗಿತ್ತು. ಬಾಗಿಲು ಮುಚ್ಚಲು ಮಾಡಿದ ಚಿಲಕ ಇದು. ಇವತ್ತು ಅದೇ ಚಿಲಕ ಸಣ್ಣ ಅಂಗಡಿಯವರ ಮಕ್ಕಳಿಗೂ ಬಾಗಿಲು ತೆಗೆಯಬಹುದು. ಹೇಗೆ ಅಂತೀರಾ?

ಉದ್ರಿ ಪುಸ್ತಕದ ಕಥೆ

ಈ ಹುಡುಗಿಯನ್ನೇ ತೆಗೆದುಕೊಳ್ಳಿ. "ನಾನೇನ್ ಮಾಡೀನಿ? ಎನ್‌ಸಿಸಿ ಇಲ್ಲ, ಕ್ಲಾಸ್ ಲೀಡರ್ ಅಲ್ಲ, ಕಪ್ಪು ಗೆದ್ದಿಲ್ಲ" ಎಂಬುದು ಅವಳ ಅಳಲು.

ಆದರೆ ಎಸ್ಸೆಸ್ಸೆಲ್ಸಿ ವರ್ಷ ಅಪ್ಪನಿಗೆ ಟೈಫಾಯ್ಡ್ ಬಂದು ಒಂದು ತಿಂಗಳು ಮಲಗಿದಾಗ ಸ್ಕೂಲು ಬಿಟ್ಟ ಮೇಲೆ ಗಲ್ಲಾದಲ್ಲಿ ಕೂತವಳು ಇವಳೇ. ಉದ್ರಿ ಪುಸ್ತಕ ಬಿಚ್ಚಿದರೆ ಪುಟಕ್ಕೊಂದು ತಕರಾರು. "ನಾನು ಎರಡು ಕೇಜಿ ಸಕ್ಕರೆ ಎಲ್ಲಿ ಒಯ್ದೆ, ಒಂದೇ ಒಯ್ದಿದ್ದು" ಎನ್ನುವ ಗಿರಾಕಿ, "ಇಲ್ಲಿ ಎರಡು ಅಂತಲೇ ಐತಲ್ಲ" ಎನ್ನುವ ಪುಸ್ತಕ. ಹುಡುಗಿ ಎರಡು ಡಜನ್ ಸಣ್ಣ ನೋಟ್‌ಬುಕ್ ತರಿಸಿದಳು. ಉದ್ರಿ ಗಿರಾಕಿಗೆ ತಲಾ ಒಂದು. ಸಾಮಾನು ಒಯ್ದ ದಿನವೇ ಎರಡೂ ಪುಸ್ತಕದಲ್ಲಿ ಲೆಕ್ಕ, ಎರಡರಲ್ಲೂ ರುಜು. ಓದು ಬಾರದವರಿಗೆ ಗಟ್ಟಿಯಾಗಿ ಓದಿ ಹೇಳುವುದು. ಅಪ್ಪ ಎದ್ದು ಬರುವ ಹೊತ್ತಿಗೆ ಅಂಗಡಿ ಮುಂದೆ ಜಗಳ ಕಮ್ಮಿಯಾಗಿತ್ತು. ಆ ಪದ್ಧತಿ ಇವತ್ತಿಗೂ ನಡೆದಿದೆ.

‘ಯಾವ ಜಗಳ ಬಗೆಹರಿಸಿದ್ದೀ’ ಎಂಬ ಮೊದಲನೇ ಪ್ರಶ್ನೆಗೆ ಇದಕ್ಕಿಂತ ಉತ್ತರ ಬೇಕೇ?

ವಿಶ್ವವಿದ್ಯಾಲಯವೂ ತನ್ನ ಸೂಚನೆಯಲ್ಲಿ ಇದನ್ನೇ ಹೇಳುತ್ತೆ. ಮುಂದಾಳುತನ ಅಂದರೆ ಬರೀ ಪದವಿಯಲ್ಲ, ಅದು ಶಾಲೆಯೊಳಗೇ ಇರಬೇಕೆಂದೂ ಇಲ್ಲ. ಮನೆಯವರನ್ನು ನೋಡಿಕೊಂಡದ್ದೂ ಲೆಕ್ಕಕ್ಕೆ ಬರುತ್ತದೆ. ಮಂಡಕ್ಕಿ ಭಟ್ಟಿಯಲ್ಲಿ ಅಮ್ಮನಿಗೆ ಕೈ ಜೋಡಿಸಿದ ಹುಡುಗನಿಗೂ, ಮುಂಜಾನೆ ಪೇಪರ್ ಹಾಕಿ ಕಾಲೇಜಿಗೆ ಓಡುವವನಿಗೂ ಇದೇ ಮಾತು. ಆದರೆ ‘ನಾನು ಬಹಳ ಕಷ್ಟಪಟ್ಟೆ’ ಅಂದರೆ ಸಾಲದು. ಏನಾಗಿತ್ತು, ನಾನೇನು ಮಾಡಿದೆ, ಮಾಡಿದ್ದರಿಂದ ಏನು ಬದಲಾಯಿತು? ಮೂರೂ ಇರಬೇಕು. ಅಲಂಕಾರದ ಇಂಗ್ಲಿಷ್ ಬೇಡ, ಸುಭಾಷಿತವೂ ಬೇಡ.

ಬಾಡಿಗೆ ಉತ್ತರದ ಗತಿ

ಈಗ ಏಜೆಂಟನ ವಿಷಯ. ಬಂದ ಉತ್ತರಗಳು ಬೇರೆಡೆಯಿಂದ ಎತ್ತಿದವೇ ಎಂದು ವಿಶ್ವವಿದ್ಯಾಲಯ ತಪಾಸಣೆ ಮಾಡುತ್ತದೆ. ಕಂಪ್ಯೂಟರಿನ ಕೃತಕ ಬುದ್ಧಿಯಿಂದ ಬರೆಸಿ ತನ್ನದೆಂದು ಕಳಿಸುವುದಕ್ಕೂ ಒಪ್ಪಿಗೆಯಿಲ್ಲ. ಕೆಲವು ಅರ್ಜಿಗಳನ್ನು ಚೀಟಿ ಎತ್ತಿದಂತೆ ಆರಿಸಿ ‘ಬರೆದದ್ದಕ್ಕೆ ಪುರಾವೆ ಕೊಡು’ ಎಂದು ಕೇಳುವುದೂ ಉಂಟು. ಸಿಕ್ಕಿಬಿದ್ದರೆ ಅರ್ಜಿಯೇ ರದ್ದು. ಹೋಗುವುದು ಒಂದು ಕ್ಯಾಂಪಸ್ಸಿನ ಸೀಟಲ್ಲ, ಒಂಬತ್ತರದ್ದೂ. ಏಜೆಂಟನಿಗೆ ಕೊಟ್ಟ ದುಡ್ಡು ವಾಪಸ್ ಬರುವುದಂತೂ ಕನಸು.

ದೊಡ್ಡವರ ಮಕ್ಕಳು ಇಂಥದ್ದನ್ನು ಮಾಡಿ ದಕ್ಕಿಸಿಕೊಳ್ಳುವುದಿಲ್ಲವೇ ಎನ್ನಬಹುದು. ಮಾಡಿದ್ದಾರೆ, ಸಿಕ್ಕಿಯೂ ಬಿದ್ದಿದ್ದಾರೆ. 2019ರಲ್ಲಿ ಅಮೆರಿಕದಲ್ಲಿ ಬಯಲಾದ ಹಗರಣದಲ್ಲಿ ರಿಕ್ ಸಿಂಗರ್ ಎಂಬ ಸಲಹೆಗಾರ ಸಿರಿವಂತರ ಮಕ್ಕಳನ್ನು ಆಡದ ಆಟದ ಆಟಗಾರರೆಂದು ತೋರಿಸಿ ಸೀಟು ಕೊಡಿಸಿದ್ದ. ಸಿನಿಮಾ ನಟಿಯರೂ ಜೈಲು ಕಂಡರು. ಸಿಂಗರ್‌ಗೆ 2023ರ ಜನವರಿಯಲ್ಲಿ ಮೂರೂವರೆ ವರ್ಷ ಶಿಕ್ಷೆ ಆಯಿತು.

ಇನ್ನೊಂದು ಮಾತು ಅಪ್ಪಂದಿರಿಗೆ. ಉತ್ತರ ಎಷ್ಟೇ ಚೆನ್ನಾಗಿದ್ದರೂ ಶುಲ್ಕ ಕರಗುವುದಿಲ್ಲ. ಹೊರದೇಶದ ವಿದ್ಯಾರ್ಥಿಗೆ ಅಲ್ಲಿ ಕಲಿಕಾ ಶುಲ್ಕವೊಂದೇ ವರ್ಷಕ್ಕೆ 40,000 ಡಾಲರ್ ದಾಟುತ್ತದೆ, ನೆರವು ಬಹಳ ಕಮ್ಮಿ. ಅಂಗಡಿ ಅಡವಿಡುವ ಮೊದಲು ಈ ಲೆಕ್ಕ ಕೂಡಿಸಿ. ಅರ್ಜಿಯ ಬಾಗಿಲು ಅಕ್ಟೋಬರಿನಲ್ಲಿ ತೆರೆದು ನವೆಂಬರ್ ಕೊನೆಯ ಆಸುಪಾಸಿಗೆ ಮುಚ್ಚುತ್ತದೆ. ಸೆಕೆಂಡ್ ಪಿಯುಸಿ ಓದಿನ ಒತ್ತಡವೂ ಅದೇ ಹೊತ್ತಿಗೆ. ಆದ್ದರಿಂದ ಬರವಣಿಗೆ ಬೇಸಿಗೆ ರಜೆಯಲ್ಲೇ ಶುರುವಾದರೆ ಕ್ಷೇಮ.

ಮಂಡಿಪೇಟೆಯ ಅಂಗಡಿಗೆ ವಾಪಸ್ ಬಂದರೆ, ಅಪ್ಪ ಕನ್ನಡಕ ಏರಿಸಿ ಪ್ರಶ್ನೆ ಓದಿಸಿ ಕೇಳಿದ್ದಾಯಿತು. ಸ್ವಲ್ಪ ಹೊತ್ತು ಮಾತಿಲ್ಲ.

"ಅಲ್ಲವ್ವ, ನೀ ಮಾಡಿದ ಆ ನೋಟ್‌ಬುಕ್ ಲೆಕ್ಕ ಬರದ್ರೆ ಆಗಂಗಿಲ್ಲೇನು?"

"ಅದನ್ನೆಲ್ಲ ಬರೀಬಹುದಾ ಅಪ್ಪಾಜಿ?"

"ನಡೆದದ್ದು ತಾನೇ? ಬರಿ."

ಅಷ್ಟರಲ್ಲಿ ಗಿರಾಕಿಯೊಬ್ಬರು ಬಂದರು. ಒಂದು ಕೇಜಿ ತೊಗರಿಬೇಳೆ, ಉದ್ರಿ. ಮಗಳು ಏಳಲು ಹೋದಳು. ಅಪ್ಪ ಕೈ ಸನ್ನೆಯಲ್ಲೇ ಕೂರಿಸಿ, ತಾವೇ ಬೇಳೆ ತೂಗಿ, ಎರಡೂ ಪುಸ್ತಕದಲ್ಲಿ ಬರೆದು ರುಜು ಹಾಕಿಸಿದರು.